ತಲೆಯ ಅಳತೆ

ಹಿಂದಿನ ದಿನ ಎಣ್ಣೆ ಹಚ್ಚಬೇಡಿ ಎಂದಿದ್ದೆ.
ಮುನಿರತ್ನಮ್ಮ ಸೀಗೆಪುಡಿಯ ವಾಸನೆಯೊಂದಿಗೆ ಬಂದಳು,
ಶ್ರೀರಾಂಪುರದಿಂದ ಎರಡು ಬಸ್ಸು ಬದಲಿಸಿ.

ಟೇಪು ತೆಗೆದೆ.
ಮೂಗಿನ ಬುಡದಿಂದ ಹಿಂದಲೆಯ ಉಬ್ಬಿಗೆ,
ಕಿವಿಯಿಂದ ಕಿವಿಗೆ,
ಹತ್ತರಲ್ಲೊಂದು ಪಾಲು, ಹತ್ತರಲ್ಲೆರಡು,
ಕೆಂಪು ಪೆನ್ಸಿಲಿನ ಗುರುತು.
ಅವಳು ನಕ್ಕಳು:
"ಕತ್ತರಿ ಹಾಕೋ ಮುಂಚೆ ನಾನೂ ಹಿಂಗೇ ಸುಣ್ಣದ ಗೀಟು ಎಳೆಯೋದು.
ಇಷ್ಟು ವರ್ಷ ಊರೋರ ಎದೆ, ತೋಳು ಅಳೆದೆ.
ನನ್ನ ತಲೆ ಅಳೆದೋರು ನೀವೇ ಮೊದಲು."

ಫೈಲು ದಪ್ಪಗಿದೆ.
ಒಂಬತ್ತು ವರ್ಷ, ಮೂರು ಕೈಬರಹ, ಒಂದೇ ಪದ: ಖಿನ್ನತೆ.
ಅದಕ್ಕೆಂದು ಕೊಟ್ಟ ಮಾತ್ರೆ ಅವಳನ್ನು ಎಬ್ಬಿಸಿತು,
ಎಬ್ಬಿಸಿದ್ದು ಮತ್ತೆ ಕೂರಲು ಬಿಡಲಿಲ್ಲ.
ನಾಲ್ಕು ರಾತ್ರಿ, ನಲವತ್ತೊಂದು ರವಿಕೆ.
ಬಟ್ಟೆ ಯಾರೂ ಕೊಟ್ಟಿರಲಿಲ್ಲ.
ಕಿಟಕಿಯ ಪರದೆ, ಗಂಡನ ಲುಂಗಿ,
ಗಣೇಶನ ಪೆಂಡಾಲಿನ ಸ್ಯಾಟಿನ್ನು,
ಎಲ್ಲಕ್ಕೂ ತೋಳಿಟ್ಟಿದ್ದಳು.
ಅಂಥ ರಾತ್ರಿಗಳು ಮುಂಚೆಯೂ ಇದ್ದವಂತೆ.
ಯಾರೂ ಕೇಳಲಿಲ್ಲ.
ಚೆನ್ನಾಗಿದ್ದೆ ಅಂತ ಹೇಳಿಕೊಳ್ಳೋಕೆ ಆಸ್ಪತ್ರೆಗೆ ಯಾರು ಬರ್ತಾರೆ?

ಹತ್ತೊಂಬತ್ತು ತಂತಿ, ತಣ್ಣನೆಯ ಅಂಟು. ಕಣ್ಣು ಮುಚ್ಚಿ.
ಗೋಡೆಯಾಚೆ ಹೊಸೂರು ರಸ್ತೆ ಹಾರನ್ನು ಬಾರಿಸುತ್ತಿದೆ.
ಪರದೆಯ ಮೇಲೆ ಹಿಂದಲೆಯ ಗೆರೆ
ಕಚ್ಚಾ ಹೊಲಿಗೆಯಂತೆ ಓಡುತ್ತದೆ, ಸೆಕೆಂಡಿಗೆ ಹತ್ತು.
ರೆಪ್ಪೆ ಅದುರಿದರೆ ಗುಡ್ಡ.
ಹಲ್ಲು ಕಚ್ಚಿದರೆ ಮುಳ್ಳುಬೇಲಿ.
ಕರೆಂಟು ಹೋಗಿ ಜನರೇಟರು ಗುರ್ರೆಂದರೆ
ಅದೂ ಅವಳ ಮನಸ್ಸೆಂದೇ ದಾಖಲಾಗುತ್ತದೆ.
ಅವಳದಲ್ಲದ್ದನ್ನು ಅಳಿಸುವುದಕ್ಕೆ ನನಗೆ ಸಂಬಳ.

ಮೇಲಿನ ಮಹಡಿಯ ಹುಡುಗ ಡಾಕ್ಟರು
ಇಂಥ ಇನ್ನೂರು ತಲೆಗಳನ್ನು ಕಂಪ್ಯೂಟರಿಗೆ ಉಣಿಸಿದ್ದಾನೆ:
ಬರೀ ಕುಸಿಯುವವರು, ಏರಿ ಕುಸಿಯುವವರು.
ಸುಮ್ಮನೆ ಕೂತಾಗಲೂ ಇಬ್ಬರ ಗೆರೆ ಬೇರೆ ಎನ್ನುತ್ತಾನೆ,
"ಬಹಳಷ್ಟು ಸಲ."
ಆ ಬಹಳಷ್ಟು ಮಾತ್ರ ಮೆಲ್ಲಗೆ.

"ಆ ನಾಲ್ಕು ರಾತ್ರಿ ಇದರಲ್ಲಿ ಕಾಣ್ತದಾ?"
ಇಲ್ಲಮ್ಮ. ಇವತ್ತಿನ ಬೆಳಿಗ್ಗೆ ಮಾತ್ರ.
"ಹಂಗಾದ್ರೆ ಅದನ್ನ ನಾನೇ ಹೇಳ್ಬೇಕು," ಎಂದಳು,
ಹೇಳತೊಡಗಿದಳು, ನನಗೆ,
ಬರೆದುಕೊಳ್ಳುವ ಅಧಿಕಾರವಿಲ್ಲದವಳಿಗೆ.
ಕೈಗೆ ಸಿಕ್ಕ ಚೀಟಿಯ ಹಿಂದೆ ಬರೆದುಕೊಂಡೆ.

ನಲ್ಲಿಯಲ್ಲಿ ಅಂಟು ತೊಳೆದು, ಒದ್ದೆ ಜಡೆ ಹಿಂಡಿ
ಹೊರಟವಳು ಮೇಜಿನ ಮೇಲಿನ ಟೇಪು ಎತ್ತಿದಳು,
ತುದಿಯನ್ನು ಹೆಬ್ಬೆರಳಲ್ಲಿ ಸವರಿ ನೋಡಿದಳು.

"ಮೇಡಂ, ಇದರ ಬಾಯಿ ಸವೆದುಹೋಗಿದೆ.
ಕಾಲಿಂಚು ಮೊದಲೇ ಇಲ್ಲ.
ಎಷ್ಟು ಜನರನ್ನ ಅಳೆದಿದ್ದೀರಿ ಇದರಲ್ಲಿ?"