ಹಸಿ ಮಣ್ಣು

ಬೂತಾಯಿಯ ತಲೆ, ಬಂಗುಡೆಯ ಕರುಳು.
ಬುಟ್ಟಿ ಇಳಿಸುವ ಮೊದಲೇ ವಾರಿಜಕ್ಕ ಕೇಳುತ್ತಾಳೆ:
"ಇವತ್ತೂ ಬಳ್ಳಿಗೇ ಊಟವಾ ಪೊರ್ಬುಳೇ, ಮನೆಗೆ ಬೇಡವಾ?"

ಮನೆಗೂ ಬೇಕು. ಮೊದಲು ಅದಕ್ಕೆ.
ಸಮತೂಕ ಬೆಲ್ಲ, ಬಟ್ಟೆ ಬಿಗಿದ ಭರಣಿ,
ಮಾಡಿನಡಿಯ ಕತ್ತಲಲ್ಲಿ ಇಪ್ಪತ್ತು ದಿನ.
ಏಳನೆಯ ದಿನ ಸಲ್ದಾನ ಬಾಯಿ ಕಿಟಕಿ ಮುಚ್ಚುತ್ತಾರೆ,
ಅವರ ಬೆಕ್ಕು ಮಾತ್ರ ನಮ್ಮ ಗೋಡೆ ಬಿಟ್ಟಿಳಿಯುವುದಿಲ್ಲ.
ಇಪ್ಪತ್ತೊಂದಕ್ಕೆ ತೆರೆದರೆ ನಾತವಿಲ್ಲ,
ಜೇನಿನ ಬಣ್ಣ, ಹುಳಿಹೆಂಡದ ನೆನಪಿನಂಥ ಘಮ.
ಕೊಡ ನೀರಿಗೆ ಒಂದೇ ಚಮಚ.
ಆಸೆಬಿದ್ದು ಹೆಚ್ಚು ಎರೆದ ವರ್ಷ
ಚಪ್ಪರ ತುಂಬ ಎಲೆಯೇ ಎಲೆ,
ಗೊಂಚಲು ಮೂರು.

ಜೆಪ್ಪುವಿನ ಮುರಕಲ್ಲು, ಪಿಕ್ಕಾಸು ಬಿದ್ದರೆ ಕಿಡಿ.
ಮಳೆಗಾಲ ಬಂತೆಂದರೆ
ಕೊಟ್ಟದ್ದನ್ನೆಲ್ಲ ನೇತ್ರಾವತಿಗೆ ಒಪ್ಪಿಸಿ
ಬರಿಗೈ ತೋರಿಸುವ ನೆಲ.
ಗುಂಡಿಯ ತಳಕ್ಕೆ ನೀರು ಬಸಿಯಲೆಂದು ಒಡಕು ಹಂಚು,
ಮೇಲೆ ತರಗೆಲೆ, ಮರುವಾಯಿ ಚಿಪ್ಪಿನ ಪುಡಿ,
ಎಕ್ಕೂರಿನ ಹಟ್ಟಿಯಿಂದ ಮೂರು ಗೋಣಿ ಗೊಬ್ಬರ
(ಅದನ್ನು ತಂದ ರಿಕ್ಷಾದ ಹುಡುಗ
ಇವತ್ತಿಗೂ ನನ್ನನ್ನು ಕಂಡರೆ ನಿಲ್ಲಿಸುವುದಿಲ್ಲ).

ಮಣ್ಣು ನನಗೆ ಗೊತ್ತೆಂದುಕೊಂಡಿದ್ದೆ.
ಮೂವತ್ತೆಂಟು ವರ್ಷ ಹಂಚಿನ ಕಾರ್ಖಾನೆ, ಆವಿಗೆಯ ಬಾಯಿ.
ದೋಣಿಯಲ್ಲಿ ಬಂದ ಹೊಳೆಬದಿಯ ಜೇಡಿಯಲ್ಲಿ
ಎರೆಹುಳ ಕಂಡರೆ ಹೆಕ್ಕಿ ಎಸೆಯುತ್ತಿದ್ದೆವು.
ಒಂದೆಳೆ ಬೇರು ಉಳಿದರೂ ಹಂಚು ಬಿರಿಯುತ್ತದೆ,
ಮೇಸ್ತ್ರಿ ಸಂಬಳ ಮುರಿಯುತ್ತಾನೆ.
ಜೀವವೆಲ್ಲ ತೆಗೆದಾದ ಮೇಲೆ ಬೆಂಕಿ.
ಬೆರಳ ಗೆಣ್ಣಿನಿಂದ ತಟ್ಟಿದರೆ
ಠಣ್ಣೆನ್ನಬೇಕು.
ಒಳ್ಳೆಯ ಮಣ್ಣೆಂದರೆ ಅದು ಎಂದೇ ಕಲಿತದ್ದು.

ಈಗ ಬುಡದ ಒಂದು ಹಿಡಿ ಎತ್ತಿ
ಹಳೇ ಚಾಳಿಗೆ ಕಿವಿಯ ಬಳಿ ತರುತ್ತೇನೆ.
ಸದ್ದಿಲ್ಲ.
ಹಿಸುಕಿದರೆ ಉಂಡೆ, ಬೆರಳು ತಾಗಿದರೆ ಪುಡಿ.
ಸುಟ್ಟು ಸುಟ್ಟು ಗೆರೆ ಅಳಿದ ಅಂಗೈಯಲ್ಲಿ
ಒಂದು ಎರೆಹುಳ
ವಿಳಾಸ ಮರೆತವನಂತೆ ತಡವರಿಸುತ್ತದೆ.
ಯಾವ ಕಾಲದ್ದೋ ಒಂದರ ಪರವಾಗಿ
ಕ್ಷಮೆ ಕೇಳುವುದಾದರೂ ಯಾವ ಭಾಷೆಯಲ್ಲಿ?
ಮೆಲ್ಲ ಇಳಿಸಿ ಸೊಪ್ಪು ಮುಚ್ಚುತ್ತೇನೆ.

ಈ ಸಲ ಗೊಂಚಲು ಹದಿನೇಳು.
ವಾರಿಜಕ್ಕ ಒಂದು ಕಾಳು ಬಾಯಿಗಿಟ್ಟು
ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ಯೋಚಿಸಿ
ಹೇಳಿದಳು: "ಪುಳಿಮುಂಚಿಗೆ ಆದೀತು."

ತಲೆಗಳನ್ನು ಎಣಿಸದೆ ಸುರಿದು ಹೋದಳು.
ಬೆಲ್ಲ ಮುಗಿದಿದೆ, ಅಂಗಡಿಗೆ ಹೋಗಬೇಕು.