ಓಣಿ ಕಡೆ ಮಾರಿ

ಏಳು ಫೂಟು ಅಂದ್ರು ಮಾಲಕರು,
ನಾ ಏಳೂವರಿ ಏರಿಸಿದೆ.
ಮ್ಯಾಲ ಬೀರಿನ ಬಾಟ್ಲಿ ಒಡದು ನೆಟ್ಟೆ,
ಹಸರು ಚೂರು, ಕಂದು ಚೂರು,
ಸಂಜಿ ಬಿಸಲಿಗೆ ಭಾಳ ಚಂದ ಕಾಣತಿತ್ತು.

ಅವರು ವರ್ಷದಾಗ ಹನ್ನೊಂದು ದಿನ ಬರತಾರ.
ಉಳಿದ ದಿನ ಗ್ವಾಡಿ ಇರತೈತಿ.

ಗೌರಿ ಹುಣ್ಣಿಮಿ ಮುಂದ ಕಳ್ಳ ಬಂದ,
ಹಿಂದಿನ ಗದ್ದಿ ಕಡಿಂದ, ಕಿಟಕಿ ಇಲ್ಲದ ಕಡಿಂದ.
ಹಾರೂತನಕ ಅವಗ ಗ್ವಾಡಿ ವೈರಿ,
ಹಾರಿದ ಮ್ಯಾಲ ಬೀಗ.
ಎರಡು ತಾಸು ಆರಾಮ ಕುಂತು
ಗೀಸರಿನ ನೀರಾಗ ಜಳಕ ಮಾಡಿ
ಟೀವಿ ಹೊತಗೊಂಡು ಹೋದ.
ಹೊರಗಿನವರಿಗೆ ಏನೂ ಕಾಣಲಿಲ್ಲ.
ಕಾಣದ ಹಂಗ ಕಟ್ಟಿದಾಂವ ನಾನ.

ಪೊಲೀಸರು ಮೊದಲು ಬಂದದ್ದು ನನ್ನ ಕಡೆ.
ಎಲ್ಲಿರತಿ? ಝುವಾರಿನಗರ? ಅದಕ್ಕೂ ಮೊದಲು? ಬಾದಾಮಿ ಕಡೆ?
ಆಧಾರ ಇಸಗೊಂಡ್ರು. ಮೂರು ದಿನದ ಪಗಾರ ಹೋತು.
ಬಿಡಿಸಿದಾಕಿ ಎದುರು ಮನಿ ಮುದುಕಿ, ಎರ್ಮೆಲಿಂದಾ ಮಾಯ್.

ಆಲ್ದೋನಾದಾಗ ಆಕಿದು ಹಳೇ ಮನಿ,
ಕಂಪೌಂಡು ಮೊಣಕಾಲಮಟ.
ಮುಂದ ಬಾಲ್ಕಾವ್: ನಾಕು ಮೆಟ್ಟಲ, ಹಂಚಿನ ಮಾಡು,
ಎರಡೂ ಮಗ್ಗಲ ಕಲ್ಲಿನ ಸೋಪೊ.
ಕುಂತ್ರ ಮಾರಿ ತಾನ ಓಣಿ ಕಡೆ ಹೊರಳತೈತಿ.
ಕಾವಲ ಕಾಯಂಗಿಲ್ಲ ಆಕಿ. ಹುಣಸಿ ಬೀಜ ಬಿಡಿಸಕೋತ,
ಮೀನಿನವನ ಜೋಡಿ ಜಗಳಾಡಕೋತ
ಸುಮ್ನ ಕೂಡತಾಳ.
ಸ್ಟೇಷನ್ನಿಗೆ ಬಂದು ಹೇಳಿದಳು:
ಈ ಗೌಂಡಿ ಆರಕ್ಕ ಬುತ್ತಿ ಡಬ್ಬಿ ಹಿಡಕೊಂಡು
ಮಾಪುಸಾ ಬಸ್ಸು ಹತ್ತಿದ. ಎಡಗಾಲ ಚಪ್ಪಲದ ಉಂಗುಟ ಹರದಿತ್ತು.
ಉಂಗುಟ ಹರದದ್ದು ನನ್ನ ಹೇಣ್ತಿಗೂ ಗೊತ್ತಿರಲಿಲ್ಲ.

ಇದನ್ನೂ ಹೇಳಬೇಕು:
ಮೊದಲ ತಿಂಗಳು ನನ್ನ ಕಂಡಾಗೊಮ್ಮೆ
ಅದ ಕಣ್ಣು ಕೋಳಿ ಎಣಸತಿತ್ತು.

ಇಂಜಿನಿಯರ್ ಬಾಯಿ ಲಿವಿಯಾ ನಕಾಶಿ ಬಿಚ್ಚಿ
ಫೋನಿನ್ಯಾಗ ಮಾಲಕರಿಗೆ ತಿಳಿಸಿ ಹೇಳಿದ್ಲು:
ಗ್ವಾಡಿ ಇಳಸೂಣು, ಅಡಗಿಮನಿ ಕಿಟಕಿ ಮುಂದ ತರೂಣು.
ಅವರಂದ್ರು, ಇನ್ನೆರಡು ಫೂಟು ಏರಸ್ರಿ, ಕ್ಯಾಮೆರಾ ಹಚ್ಚರಿ.
ಏರಿಸಿದೆ. ಪಗಾರ ಪಗಾರನ.

ನಮ್ಮ ಓಣ್ಯಾಗ ಗ್ವಾಡಿ ಎಲ್ಲಿವು, ಬರೇ ತಗಡು.
ಸಂಡಾಸು ಕಟ್ಟಕಡೀಗೆ, ಗೋಡೌನಿನ ಬೆನ್ನಿಗೆ.
ಬಾಗಲ ಆ ಕಡೆ ತಿರುಗಿಸ್ಯಾರ, ಯಾರೂ ನೋಡಬಾರದಂತ.
ಮರ್ಯಾದಿಗಂತ ಮಾಡಿದ್ದು.
ಯಾರೂ ನೋಡಂಗಿಲ್ಲ, ಖರೇನ.
ಒಂಬತ್ತಾದ ಮ್ಯಾಲ ಹೆಂಗಸರು ನೀರು ಕುಡಿಯೂದು ಬಿಡತಾರ.
ಒಂದಿನ ದ್ಯಾಮವ್ವನ ಮಗಳು
ಬಕೀಟು ಅಲ್ಲೇ ಒಗದು ಓಡಿ ಬಂದ್ಲು.
ಏನಾತಂತ ಯಾರೂ ಕೇಳಲಿಲ್ಲ.
ಬಕೀಟು ತರಾಕ ಮುಂಜಾನಿತನಕ ಯಾರೂ ಹೋಗಲಿಲ್ಲ.

ಆ ಐತವಾರ, ಸೈಟಿನ್ಯಾಗ ಉಳಿದ ಚೀರೆಕಲ್ಲು,
ಇಪ್ಪತ್ತಾರು, ಲಿವಿಯಾ ಬಾಯಿನ್ನ ಕೇಳೇ ತಂದೆ,
ಮತ್ತ ಕಳ್ಳ ಅನಿಸಿಕೊಳ್ಳೂದು ಬ್ಯಾಡಂತ.
ತಿರುವಿನ್ಯಾಗ ಒಂದು ಕಟ್ಟಿ ಮಾಡಿದೆ.
ನಾಕು ಮಂದಿ ಕೂಡೂವಷ್ಟು, ಮಾರಿ ಸಂಡಾಸಿನ ದಾರಿ ಕಡೆ.
ಮಕಬೂಲ ತನ್ನ ಪಾನ್‌ಪಟ್ಟಿ ಲೈಟು
ಒಂದು ಗೇಣು ಆ ಕಡೆ ಹೊರಳಿಸಿದ.

ಮೊದಲನೇ ದಿನ ಹುಡುಗರು ಕುಂತು ಮೊಬೈಲಿನ್ಯಾಗ ಲೂಡೋ ಆಡಿದ್ರು.
ನನಗ ಹೊಟ್ಟಿ ಉರೀತು.
ಎರಡನೇ ದಿನ ನನ್ನ ಹೇಣ್ತಿ ಶಾವಂತ್ರೆವ್ವ
ಮರದ ತುಂಬ ಬಳ್ಳೊಳ್ಳಿ ಹೊತಗೊಂಡು ಹೋದ್ಲು.
ಬಳ್ಳೊಳ್ಳಿ ಘಾಟಿಗೋ ಆಕಿ ಬಾಯಿಗೋ
ಹುಡುಗರು ಎದ್ದು ಹೋದ್ರು.
ಈಗ ಹನ್ನೊಂದರತನಕ ಅಲ್ಲಿಂದ ನಗಿ ಕೇಳತೈತಿ.
ಹೋಗಾಕಿ ಹೋಗತಾಳ, ಬರಾಕಿ ಬರತಾಳ.
ದ್ಯಾಮವ್ವನ ಮಗಳು ಇನ್ನೂ ಒಬ್ಬಾಕಿ ಹೋಗಂಗಿಲ್ಲ.

ನಿನ್ನಿ ಪಂಚಾಯತಿಯವರು ಬಂದು
ಕಟ್ಟಿ ಮ್ಯಾಲ ಕೆಂಪು ಬಣ್ಣದ ಗೀಟು ಎಳದು ಹೋದ್ರು.
ದಾರಿ ಒತ್ತುವರಿ ಅಂತ. ಸುಳ್ಳಲ್ಲ ಅದು.
ಹೂಂ ಅಂದೆ.

ಒಂದು ಮಾತು ಅವರಿಗೆ ಹೇಳಿಲ್ಲ:
ಮೂವತ್ತು ವರ್ಷದ ಗೌಂಡಿ ನಾ,
ಈ ಕಟ್ಟಿಗೆ ಒಂದು ಚಟಾಕು ಸಿಮಿಟು ಹಚ್ಚಿಲ್ಲ.
ತಗದ್ರ ತಗೀಲಿ, ರಾತ್ರಿ ಮತ್ತ ಇಡಾಕ ಬರತೈತಿ.
ಕಲ್ಲಿನ ಮ್ಯಾಲ ಕಲ್ಲು,
ಅವೂ ಸುಮ್ನ ಕುಂತಾವ.