ದೀಪ ಆರಿಸುವುದು

ಹಾಸನದ ಶಸ್ತ್ರಾಗಾರದಲ್ಲಿ ದಸ್ತಗೀರ್ ಸಾಹೇಬರು
ಮೂರು ದೀಪ ಮೇಜಿನ ಮೇಲಿಟ್ಟು
"ಆರಿಸಿ ಮೇಡಂ" ಅಂದರು.
ಹೆಬ್ಬೆರಳುದ್ದ ಒಂದೊಂದೂ,
ಪಿಸ್ತೂಲಿನ ಗದ್ದ ಕಚ್ಚಿ ಕೂರುವಂಥವು.
"ಹೊತ್ತಿಸೇ ಇಲ್ಲ, ಆಗಲೇ ಆರಿಸೋದಾ?" ಅಂದೆ.
ನಗಲಿಲ್ಲ ಅವರು.
"ಎರಡೂ ಕಲೀಬೇಕು."

ಮೂರನ್ನೂ ಬಕೆಟ್ಟಿನ ನೀರಿಗೆ ಬಿಟ್ಟರು, ಟೀ ಬರುವ ತನಕ.
ಟೀ ಬಂತು. ಥಳಥಳ ಅನ್ನುತ್ತಿದ್ದದ್ದರ ಗಾಜಿನೊಳಗೆ ಬೆವರು.
"ಇದು ಮದುವೆ ಮನೆಗೆ" ಅಂತ ಪಕ್ಕಕ್ಕೆ ಸರಿಸಿದರು.

ಇನ್ನೊಂದು, ಫೈರಿಂಗ್ ಮೈದಾನದಲ್ಲಿ,
ಎಪ್ಪತ್ತನೇ ಗುಂಡಿನ ಒದೆತಕ್ಕೆ ಮಿಟುಕಿತು.
ಒಂದೇ ಸಲ.
ನಾನು ಕ್ಷಮಿಸುತ್ತಿದ್ದೆನೇನೋ.
"ಮಿಟುಕೋ ದೀಪ, ಕಟಕಟೇಲಿ ನೀರು ಕೇಳೋ ಸಾಕ್ಷಿ
ಎರಡೂ ಒಂದೇ" ಅಂದರು, ಬಿಚ್ಚಿದರು.

ಉಳಿದದ್ದು ಕುರೂಪಿ.
ಮಬ್ಬು ಕಪ್ಪು, ಬೆಳಕೂ ಅಷ್ಟಕ್ಕಷ್ಟೆ,
ಗೋಡೆಗೆ ಹಿಡಿದರೆ ಸುಣ್ಣ ತಿರುಗಿ ಕಣ್ಣಿಗೆ ಹೊಡೆಯುವುದಿಲ್ಲ.
ಐದು ರೂಪಾಯಿ ನಾಣ್ಯದಲ್ಲಿ ತಿರುಪು ಬಿಗಿದು
"ಬ್ಯಾಟರಿ ಸಂಬಳದ ದಿನ ಬದಲಿಸಿ,
ಆ ದಿನ ಯಾರೂ ಮರೆಯೊಲ್ಲ."

ಅರಸೀಕೆರೆ. ಗೂಡ್ಸ್ ಶೆಡ್ಡು. ರಾತ್ರಿ ಎರಡೂ ಇಪ್ಪತ್ತು.
ತಾಮ್ರದ ತಂತಿ ಕೀಳುತ್ತಿದ್ದಾರೆ ಅಂತ ಫೋನು.
ವ್ಯಾಗನ್ನಿನ ಹಿಂದೆ ಸರಕ್, ಸರಕ್.
"ಯಾರದು?"
ಸರಕ್.
ಹೆಬ್ಬೆರಳು ಒತ್ತಿದೆ.

ತಟ್ಟೆಯಷ್ಟಗಲ ಬೆಳಕಿನಲ್ಲಿ ಹನ್ನೊಂದು ವರ್ಷದವನೊಬ್ಬ
ಎರಡೂ ಕೈ ಎತ್ತಿದ,
ಪೊರಕೆ ಸಮೇತ.
ಕಾಲ ಬುಡದಲ್ಲಿ ಮಣ್ಣು ಬೆರೆತ ಅಕ್ಕಿ, ಹರಿದ ಚೀಲ.
"ಚೆಲ್ಲಿದ್ದು ಅಷ್ಟೇ" ಅಂದ ಅವನು.
ನನಗಲ್ಲ. ನಾನೆಲ್ಲಿ ಕಾಣಬೇಕು ಅವನಿಗೆ?
ಬೆಳಕಿಗೆ ಅಂದ.

ಒಳ್ಳೆಯ ದೀಪ. ಒಮ್ಮೆಯೂ ಮಿಟುಕಲಿಲ್ಲ.
ಅಂಗಿಯ ಎರಡನೇ ಗುಂಡಿ ಇಲ್ಲದ್ದು ಕಂಡಿತು,
ಅಲ್ಲಿ ಎದೆ ಹಾರುವುದು ಕಂಡಿತು,
ಆ ಬೆಳಕಿನ ನೆತ್ತಿಗೆ
ಒಂದೇ ಬೆರಳಿನ ಅಂತರದಲ್ಲಿ ನಳಿಗೆ ಇತ್ತು.
ಅವನ ಮುಖ ನೋಡಬೇಕೆಂದು ಕೈ ಮೇಲೆತ್ತಿದೆ.
ಅದೂ ಮೇಲೆದ್ದಿತು.

ಆರಿಸಿದೆ.
ಕತ್ತಲಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಉಸಿರಾಡಿದೆವು.
ಆಮೇಲೆ ಪೊರಕೆ ಬಿದ್ದ ಸದ್ದು,
ಜಲ್ಲಿಯ ಮೇಲೆ ಬರಿಗಾಲಿನ ಓಟ,
ಹಳಿಯಾಚೆ ಒಂದು ನಾಯಿ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಎದುರು
ತೊಂಬತ್ತು ರೂಪಾಯಿಗೆ ಒಂದು ಕೈಟಾರ್ಚು ಕೊಂಡೆ.
ನೀರಿಗೆ ಹಾಕಲಿಲ್ಲ, ಹಾಕಿದರೆ ಉಳಿಯುವಂಥದಲ್ಲ.
ಎಡಗೈಗೆ ಅದು.
ದಸ್ತಗೀರ್ ಸಾಹೇಬರಿಗೆ ಹೇಳಿದೆ. ತುಂಬ ಹೊತ್ತು
ಎಣ್ಣೆಬಟ್ಟೆ ಮಡಿಸುತ್ತಲೇ ಇದ್ದು
"ಎರಡೂ ಇರಲಿ ಮೇಡಂ,
ಹುಡುಕೋಕೆ ಒಂದು..." ಅಂದು
ಇನ್ನೊಂದು ಯಾತಕ್ಕೆ ಅಂತ ಹೇಳಲಿಲ್ಲ.

ಸಂಬಳದ ದಿನ ಎರಡಕ್ಕೂ ಬ್ಯಾಟರಿ ಬದಲಿಸುತ್ತೇನೆ.
ಮೊದಲು ಎಡಗೈಯದಕ್ಕೆ.